ಕೊಳದ ಗೆಂಡೆ ಮೀನು

ನಮ್ಮೂರ ಬಣ್ಣದ ಕಾರ್ಖಾನೆಗೂ ಪುರಸಭೆಗೂ ಒಂದು ಒಪ್ಪಂದವಿತ್ತು. ಕಾನೂನಿನ ಬಲವಂತವೇನಿರಲಿಲ್ಲ, ಎರಡೂ ಕಡೆಯವರು ತಾವಾಗಿಯೇ ಮೊಹರು ಒತ್ತಿದ್ದರು. ಕಾರ್ಖಾನೆ ಜಪಾನಿನ ಸೆತೊ ಕಡಲಿಗೆ ಬಿಡುವ ನೀರು ಮೊದಲು ಒಂದು ಕೊಳವನ್ನು ಹಾಯಬೇಕು, ಆ ಕೊಳದಲ್ಲಿ ಗೆಂಡೆ ಮೀನು ಬದುಕಿರಬೇಕು. ತಪಾಸಣೆಯ ದಿನವನ್ನು ಪುರಸಭೆ ಮೊದಲೇ ತಿಳಿಸುತ್ತಿತ್ತು. ಹಿಂದಿನ ದಿನ ಸತ್ತ ಮೀನು ತೆಗೆದು ಹೊಸದನ್ನು ಬಿಡುವುದು ನನ್ನ ಕೆಲಸ. ನಾನು ಕಡಲಲ್ಲಿ ಸಾಕಿದ್ದ ಸಿಂಪಿಗಳೆಲ್ಲ ಆ ನೀರಿಗೇ ಸತ್ತ ಮೇಲೆ ಕಾರ್ಖಾನೆ ಕೊಟ್ಟ ಕೆಲಸವದು.

ಆ ಸಲ ಒಂದು ದೊಡ್ಡ ಮೀನು ಆ ವಿಷದಲ್ಲಿ ಆರು ದಿನದಿಂದ ಹೇಗೋ ಉಸಿರು ಹಿಡಿದಿತ್ತು.

ತಪಾಸಣೆಗೆ ಬಂದ ಪುರಸಭೆಯ ಅಧಿಕಾರಿ ಕುರೆಮಾತ್ಸು ಕೊಳಕ್ಕೆ ಬಗ್ಗಿ ನಕ್ಕರು. “ಏನ್ ತಾತ, ನಿನಗಿಂತ ನಿನ್ ಮೀನೇ ದಪ್ಪ! ಸೊಸೆ ಹೆತ್ತಿದಾಳೆ, ಎದೆಹಾಲಿಗೆ ಗೆಂಡೆ ಸಾರು ಒಳ್ಳೇದು. ಒಂದು ಕೊಡ್ತೀಯಾ?”

ಕಾರ್ಖಾನೆಯ ಮ್ಯಾನೇಜರ್ ಬೆವರಿದ. “ನಿನ್ನೆ ಬಿಟ್ಟಿದ್ದನ್ನೇ ಕೊಡು” ಎಂದು ನನ್ನ ಕಿವಿಯಲ್ಲಿ ಉಸುರಿದ.

“ನೀರು ಚೊಕ್ಕ ಅಂತ ಬರೆದೋರು ನೀವೇ ಅಲ್ವಾ ಸ್ವಾಮಿ?” ಎಂದು ಅಧಿಕಾರಿಯನ್ನು ಕೇಳಿದೆ.

“ನಾನೇ ಮಾರಾಯ, ಐದು ವರ್ಷದಿಂದ.”

ಬಲೆ ಇಳಿಸಿ ಆರು ದಿನದ ಆ ಮೀನನ್ನೇ ಹಿಡಿದೆ. ಒದ್ದೆ ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟು, ಸೊಂಟ ಬಗ್ಗಿಸಿ ವಂದಿಸಿದೆ.

“ತಲೆ ಎಸೀಬೇಡಿ ಸ್ವಾಮಿ. ಸತ್ವವೆಲ್ಲ ಅದರಲ್ಲೇ ಇರೋದು.”