ಎಪ್ಪತ್ತರವರೆಗೆ ಎಣಿಸಬೇಕು

ಆ ಚೀಟಿಯನ್ನು ತಂದು ಅಂಟಿಸಿದ್ದು ನನ್ನ ಅಂಗಡಿಯ ಗೋಡೆಗೇ. ‘ಸಸ್ಯಾಹಾರಿಗಳೇ, ಈ ಊರಲ್ಲಿ ನೀವು ಒಬ್ಬರೇ ಅಲ್ಲ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ, ಲೈಬ್ರರಿಯ ಮಹಡಿಯ ಮೇಲೆ, ಒಟ್ಟಿಗೆ ಕೂತು ಉಣ್ಣೋಣ ಬನ್ನಿ.’ ಅಂಟು ಸೋರಿ ನನ್ನ ದರಪಟ್ಟಿಯ ಮೇಲೆಲ್ಲ ಇಳಿದಿತ್ತು. ಬೇರೆ ಚೀಟಿಯಾಗಿದ್ದರೆ ಹರಿದು ಬಿಸಾಕುತ್ತಿದ್ದೆ. ಇದನ್ನು ಮಾತ್ರ ಕೈಯಲ್ಲಿ ಸೌಟು ಹಿಡಿದುಕೊಂಡೇ ಮೂರು ಸಲ ಓದಿದೆ.

ನನ್ನದು ಬಸ್ ಡಿಪೋ ಎದುರಿನ ಊಟದ ಅಂಗಡಿ. ಮೂರು ಒಲೆ, ಎರಡು ಬೆಂಚು, ಹಿಂದೊಂದು ಬಾಗಿಲು. ನಾನು ಮಾಂಸ, ಮೀನು ಬಿಟ್ಟು ಒಂಬತ್ತು ವರ್ಷವಾಯಿತು. ಯಾಕೆ ಬಿಟ್ಟೆ ಎಂದು ಕೇಳಬೇಡಿ, ದೊಡ್ಡ ಕಥೆಯೇನಿಲ್ಲ. ಒಂದು ದಿನ ಬೇಡ ಅನ್ನಿಸಿತು, ಬಿಟ್ಟೆ. ಮನೆಯಲ್ಲಿ ಮಾತ್ರ ಅದು ದೊಡ್ಡ ಕಥೆಯೇ ಆಯಿತು. ಅಡುಗೆಮನೆ ಅತ್ತೆಯದು. “ನಿನ್ನ ಸೊಪ್ಪುಸದೆ ನೀನೇ ಬೇಯಿಸಿಕೊಳ್ಳಮ್ಮ, ನನ್ನ ಕೈಲಿ ಆಗಲ್ಲ” ಎಂದು ಅವತ್ತೇ ಕೈತೊಳೆದುಕೊಂಡರು. ಗಂಡ ನಡುವೆ ಬಾಯಿ ಹಾಕಲಿಲ್ಲ. ಆ ಬಾಯಲ್ಲಿ ಆಗಲೇ ಕೋಳಿ ಕಾಲು ಇತ್ತು.

ಅಂದಿನಿಂದ ನಾನು ತಿಂದ ಒಂದೊಂದು ತುತ್ತನ್ನೂ ಬೇಯಿಸಿದವಳು ನಾನೇ. ಅಂಗಡಿಯಲ್ಲಿ ನೂರು ಜನಕ್ಕೆ ಬಡಿಸುವುದು, ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತು ತಿನ್ನುವುದು. ನನ್ನ ಅಡುಗೆ ಚೆನ್ನಾಗಿರುತ್ತದೆ, ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಗೊತ್ತಿರುವ ಊಟವನ್ನು ಎಷ್ಟು ವರ್ಷ ಉಣ್ಣುವುದು? ಯಾರಾದರೂ ನನ್ನನ್ನು ಕೂರಿಸಿ, ತಮ್ಮ ಕೈಯಾರೆ ಮಾಡಿದ್ದನ್ನು ಬಡಿಸಬೇಕು. ನನಗಿದ್ದ ಆಸೆ ಅಷ್ಟೇ.

ಹಾಗಾಗಿ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು ಹೋದೆ. ಕೂಟ ಕಟ್ಟಿದವರು ಗಂಟೆ ಮೇಡಂ. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಬರುವಾಗ ಶಾಲೆಯ ಹಿತ್ತಾಳೆ ಗಂಟೆಯನ್ನೂ ಎತ್ತಿಕೊಂಡು ಬಂದರು ಎಂದು ಜನ ಆಡಿಕೊಳ್ಳುತ್ತಾರೆ. ಸುಳ್ಳಲ್ಲ, ಅದು ಮೇಜಿನ ಮೇಲೇ ಇತ್ತು.

“ನೀವು ಡಿಪೋ ಮುಂದೆ ಊಟ ಮಾರೋರಲ್ವಾ?” ಎಂದರು ಮೇಡಂ.

“ಹೌದು ಮೇಡಂ.”

“ಹಾಗಾದ್ರೆ ಆಗಲ್ಲಮ್ಮ. ಇಲ್ಲಿ ಅವರವರ ಕೈಯಾರೆ ಮಾಡಿ ತರಬೇಕು. ಹೇಗೆ ಮಾಡಿದ್ದು ಅಂತ ಎದ್ದು ನಿಂತು ಹೇಳಬೇಕು. ನೀವು ದಿನಾ ಇದೇ ಕೆಲಸ ಮಾಡೋರು. ನಿಮ್ಮ ಪಾತ್ರೆ ಬಂತು ಅಂದ್ರೆ ಮಿಕ್ಕವರ ಪಾತ್ರೆ ಮುಚ್ಚಳ ಯಾರೂ ತೆಗೆಯಲ್ಲ. ಪಾಪ, ಅವರು ಬರೋದೇ ಬಿಟ್ಟುಬಿಡ್ತಾರೆ.”

“ನಾನೇನೂ ತರಲ್ಲ ಮೇಡಂ. ಸುಮ್ನೆ ಬಂದು ಕೂತ್ಕೋತೀನಿ.”

“ಬರಿಗೈಲಿ ಬರೋ ಹಾಗಿಲ್ಲ.”

ತಂದರೂ ತಪ್ಪು, ತರದಿದ್ದರೂ ತಪ್ಪು. ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಗೆ ಬಂದವಳೇ ಆ ಚೀಟಿಯನ್ನು ಕೆರೆದು ತೆಗೆದೆ. ಜೊತೆಗೆ ನನ್ನ ದರಪಟ್ಟಿಯೂ ಕಿತ್ತುಬಂತು.

ಮುಂದಿನ ತಿಂಗಳು ಹಿಂದಿನ ಬಾಗಿಲಿಗೆ ಟೈಲರಮ್ಮ ಬಂದಳು. ಕೈಯಲ್ಲಿ ಅವಳ ಮನೆಯ ಸೊಟ್ಟ ಪಾತ್ರೆ.

“ಅಕ್ಕಾ, ಸೂಜಿ ಕೊಟ್ರೆ ಏನು ಬೇಕಾದ್ರೂ ಮಾಡ್ತೀನಿ, ಸೌಟು ಹಿಡಿಯೋಕೆ ಬರಲ್ಲ. ಇದರ ತುಂಬ ಆಲೂಗಡ್ಡೆ ಪಲ್ಯ ಹಾಕಿಕೊಡಿ. ಮೇಡಂ ಕೂಟಕ್ಕೆ. ದಯವಿಟ್ಟು ಯಾರಿಗೂ ಹೇಳಬೇಡಿ.”

ಹಾಕಿಕೊಟ್ಟೆ. ಹೇಗೆ ಮಾಡುವುದೆಂದು ಬಾಯಿಪಾಠವನ್ನೂ ಮಾಡಿಸಿದೆ. ಅದರ ಮುಂದಿನ ತಿಂಗಳು ಔಷಧಿ ಅಂಗಡಿಯವರು ಬಂದರು, ಆಮೇಲೆ ಕ್ಷೌರದಂಗಡಿಯವನು, ಆಮೇಲೆ ಇನ್ನೊಬ್ಬರು. ಮೇಡಂ ಸೇರಿ ಕೂಟದಲ್ಲಿ ಎಂಟು ಜನ. ವರ್ಷ ತುಂಬುವಷ್ಟರಲ್ಲಿ ಏಳು ಜನ ನನ್ನ ಹಿಂದಿನ ಬಾಗಿಲಿಗೆ ಬಂದಿದ್ದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಕಳ್ಳರು ಎಂದುಕೊಂಡಿದ್ದರು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅವರನ್ನು ಒಬ್ಬರಿಗೊಬ್ಬರು ಎದುರಾಗದಂತೆ ಕಳಿಸುವುದೇ ನನಗೊಂದು ಕೆಲಸ. ಒಮ್ಮೆ ಔಷಧಿ ಅಂಗಡಿಯವರನ್ನು ಅಕ್ಕಿ ಮೂಟೆಯ ಹಿಂದೆ ಕಾಲು ಗಂಟೆ ಕೂರಿಸಿದ್ದೆ. ಅಷ್ಟು ದೊಡ್ಡ ಮನುಷ್ಯ, ಕೆಮ್ಮು ಬಂದರೂ ತಡೆದುಕೊಂಡು ಕೂತಿದ್ದರು, ಪಾಪ.

ಏಳು ಪಾತ್ರೆಗಳೂ ನನ್ನ ಒಲೆಯಿಂದಲೇ ಎದ್ದು ಆ ಮೇಜಿಗೆ ಹೋಗಿ ಕೂರುತ್ತಿದ್ದವು. ನನಗೆ ಮಾತ್ರ ಅಲ್ಲಿ ಜಾಗವಿಲ್ಲ. ನೀವೇ ಹೇಳಿ, ಹೊಟ್ಟೆ ಉರಿಯದೆ ಇರುತ್ತದೆಯೇ?

ಅಷ್ಟರಲ್ಲಿ ವಾರ್ಷಿಕ ಊಟ ಬಂತು. ಮಾಮೂಲಿ ತಿಂಗಳುಗಳಲ್ಲಿ ಇಬ್ಬರು ಎದ್ದು ಹೇಳಿದರೆ ಸಾಕಿತ್ತು. ವಾರ್ಷಿಕ ಊಟದಲ್ಲಿ ಎಲ್ಲರೂ ಹೇಳಬೇಕಂತೆ. ಏಳು ಜನರೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು: ಏನಾದರೂ ಒಂದು ಗುಟ್ಟು ಹೇಳಿಕೊಡಿ, ಮೇಡಂ ಮೆಚ್ಚಬೇಕು.

ಆಗ ನನಗೆ ಕೋತಿಬುದ್ಧಿ ಬಂತು ನೋಡಿ.

“ಇದು ನಮ್ಮಜ್ಜಿ ಗುಟ್ಟು, ನಿಮಗೊಬ್ಬರಿಗೇ ಹೇಳ್ತಿದ್ದೀನಿ” ಎಂದೆ, ಏಳು ಜನಕ್ಕೂ. “ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಪಾತ್ರೆಗೆ ಬೆನ್ನು ಮಾಡಿ ನಿಂತು ಎಪ್ಪತ್ತರವರೆಗೆ ಎಣಿಸಬೇಕು. ತಿರುಗಿ ನೋಡಿದ್ರೆ ರುಚಿ ಹೋಯ್ತು.”

ನಮ್ಮಜ್ಜಿಗೆ ಇಪ್ಪತ್ತರ ಮೇಲೆ ಎಣಿಸುವುದಕ್ಕೇ ಬರುತ್ತಿರಲಿಲ್ಲ. ಆದರೂ ಏಳು ಜನ ಒಬ್ಬರ ಹಿಂದೊಬ್ಬರು ಎದ್ದು ಇದನ್ನೇ ಹೇಳುವುದನ್ನು, ಮೇಡಂ ಮುಖ ಒಂದೊಂದು ಸಲಕ್ಕೂ ಬದಲಾಗುವುದನ್ನು ನೆನೆದು ಒಲೆಯ ಮುಂದೆ ಒಬ್ಬಳೇ ನಕ್ಕೆ.

ಆ ಭಾನುವಾರ ಕೊನೆಗೆ ಬಂದವರು ಪೋಸ್ಟಣ್ಣ. ಊರಿಗೆಲ್ಲ ಟಪಾಲು ಹಂಚಿ ನಿವೃತ್ತರಾದವರು. ಅವರ ಹೆಂಡತಿ ಕಾಳಿನ ಸಾರಿಗೆ ಹೆಸರಾದವರು, ಮೇಡಂ ಜೊತೆ ನಿಂತು ಕೂಟ ಕಟ್ಟಿದವರು. ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರದೇ ಪಾತ್ರೆಯನ್ನು ಹಿಡಿದುಕೊಂಡು ಪೋಸ್ಟಣ್ಣ ತಿಂಗಳಿಗೊಮ್ಮೆ ನನ್ನಲ್ಲಿಗೆ ಬರುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಹಳೆಯ ಲಕೋಟೆಯ ಹಿಂದೆ ಬರೆದುಕೊಂಡರು, ಎಪ್ಪತ್ತನ್ನೂ ಸೇರಿಸಿ.

“ಇವತ್ತು ಭಯ ಆಗ್ತಿದೆ ತಂಗಿ. ಇಷ್ಟು ದಿನ ಹೇಗೋ ತಪ್ಪಿಸಿಕೊಂಡೆ. ಸಿಕ್ಕಿಬಿದ್ರೆ ಆ ಮೇಜೂ ಹೋಗುತ್ತೆ. ಅದು ಬಿಟ್ರೆ ನನ್ನ ಜೊತೆ ಕೂತು ಉಣ್ಣೋರು ಯಾರಿದ್ದಾರೆ?” ಎಂದರು. “ನೀನೂ ಬಂದುಬಿಡು. ವರ್ಷಕ್ಕೊಂದು ಸಲ ಒಬ್ಬರನ್ನ ಅತಿಥಿಯಾಗಿ ಕರ್ಕೊಂಡು ಹೋಗಬಹುದು. ಅತಿಥಿಗಳು ಏನೂ ತರಬೇಕಾಗಿಲ್ಲ. ನಾನು ಮರೆತರೆ ಎದುರು ಕೂತು ಸನ್ನೆ ಮಾಡು.”

ಆ ಮೇಜಿಗೆ, ಬರಿಗೈಲಿ, ನಾನು. ಖುಷಿಯಾದ ಮರುಕ್ಷಣವೇ ನೆನಪಾಯಿತು: ಆರು ಪಾತ್ರೆಗಳು ಆಗಲೇ ಹೋಗಿಯಾಗಿತ್ತು, ಆರು ಬಾಯಲ್ಲೂ ಎಪ್ಪತ್ತು ಕೂತಾಗಿತ್ತು. ನಾನು ಕೂರಬೇಕಾದ ಮೇಜನ್ನು ನಾನೇ ಮುರಿಯಲು ಹೊರಟಿದ್ದೆ.

“ಅಣ್ಣಾ, ಆ ಎಪ್ಪತ್ತಿನ ವಿಷಯ ಮಾತ್ರ ಹೇಳಬೇಡಿ” ಎಂದೆ.

“ಅದನ್ನೇ ಚೆನ್ನಾಗಿ ಕಲಿತಿರೋದು” ಎಂದರು ಪೋಸ್ಟಣ್ಣ.

ನನ್ನನ್ನು ಕಂಡದ್ದೇ ಮಹಡಿಯ ಮೇಲೆ ಆರು ಮುಖ ಸುಣ್ಣದಂತಾದವು. ಔಷಧಿ ಅಂಗಡಿಯವರು “ಇವರು ಯಾರು, ನೋಡಿದ ಹಾಗಿಲ್ವಲ್ಲ” ಎಂದರು. ಅವತ್ತು ಬೆಳಿಗ್ಗೆ ಎಂಟೂವರೆಗೆ ನನ್ನ ಬಾಗಿಲಲ್ಲಿ ನಿಂತು ‘ಇನ್ನೂ ಸ್ವಲ್ಪ ಹಾಕಿ’ ಎಂದಿದ್ದ ಬಾಯಿ ಅದು. ಮೇಡಂ ಹುಬ್ಬು ಗಂಟಿಕ್ಕಿದರು. ಆದರೆ ನಿಯಮ ಅವರದೇ, ಅತಿಥಿಗೆ ಕುರ್ಚಿ ತೋರಿಸಲೇಬೇಕಾಯಿತು. ಮೇಜಿನ ಮೇಲೆ ಎಂಟು ಪಾತ್ರೆಗಳಿದ್ದವು. ಏಳರ ಪರಿಮಳ ನನಗೆ ಗೊತ್ತು. ಎಂಟನೆಯದು, ಎಲೆಕೋಸಿನದು, ಮೇಡಂ ತಂದದ್ದು. ತಳ ಹಿಡಿದ ವಾಸನೆ ನಾಲ್ಕು ಕುರ್ಚಿಯಾಚೆಗೂ ಬರುತ್ತಿತ್ತು.

ಮೇಡಂ ಗಂಟೆ ಬಾರಿಸಿದರು. ಮೊದಲು ಟೈಲರಮ್ಮ ಎದ್ದಳು. ನನ್ನ ಕಡೆ ನೋಡದೆ ಆಲೂಗಡ್ಡೆಯ ಪಾಠವನ್ನು ಒಪ್ಪಿಸಿ, ಕೊನೆಗೆ ಎಪ್ಪತ್ತನ್ನೂ ಹೇಳಿ ಕೂತಳು. “ಬಹಳ ಚೆನ್ನಾಗಿದೆ” ಎಂದು ಮೇಡಂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಔಷಧಿ ಅಂಗಡಿಯವರ ಬಾಯಿ ತೆರೆದದ್ದು ತೆರೆದೇ ಇತ್ತು. ಮುಂದಿನ ಸರದಿ ಅವರದೇ. ಬಾಯಿಪಾಠ ಮಾಡಿದವರಿಗೆ ನಡುವೆ ನಿಲ್ಲಿಸಲು ಬರುವುದಿಲ್ಲ. ತರಕಾರಿ ಅನ್ನದಿಂದ ಶುರುವಾದದ್ದು ಸರಾಗವಾಗಿ ಬಂದು “ಬೆನ್ನು ಮಾಡಿ ನಿಂತು ಎಪ್ಪತ್ತರವರೆಗೆ” ಎಂಬಲ್ಲಿಗೇ ಮುಟ್ಟಿತು. ಕ್ಷೌರದಂಗಡಿಯವನು ಜಾಣ. “ನಾನು ಬೆನ್ನು ಮಾಡಲ್ಲ, ಪಕ್ಕಕ್ಕೆ ತಿರುಗ್ತೀನಿ. ಅರವತ್ತೊಂಬತ್ತು” ಎಂದ. ಮೇಡಂ ಪೆನ್ನು ಕೆಳಗಿಟ್ಟರು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

“ಈಗ ಪೋಸ್ಟಣ್ಣ” ಎಂದರು ಮೇಡಂ.

ಪೋಸ್ಟಣ್ಣ ಎದ್ದರು. “ಕಾಳು ನೆನೆಹಾಕಬೇಕು” ಎಂದರು. ಅಲ್ಲಿಗೆ ನಿಂತುಹೋಯಿತು. ಲಕೋಟೆಗಾಗಿ ಜೇಬು ತಡಕಿದರು, ಸಿಗಲಿಲ್ಲ. ನನ್ನ ಕಡೆ ನೋಡಿದರು. ನಾನು ಸನ್ನೆ ಮಾಡಿದೆ, ಆದರೆ ಅವರ ಕಣ್ಣಲ್ಲಿ ನೀರು ತುಂಬಿತ್ತು, ಕಾಣಿಸಲಿಲ್ಲ.

“ಎಷ್ಟು ಹೊತ್ತು ನೆನೆಸಿದ್ರಿ?” ಮೇಡಂ ಮೆಲ್ಲಗೆ ಕೇಳಿದರು. ಪೋಸ್ಟಣ್ಣ ಪಾತ್ರೆಯ ಕಿವಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತರು.

“ಎಂಟು ಗಂಟೆ” ಎಂದಳು ಟೈಲರಮ್ಮ.

“ಎರಡು ಸಲ ನೀರು ಬದಲಾಯಿಸಬೇಕು” ಎಂದರು ಔಷಧಿ ಅಂಗಡಿಯವರು.

“ಉಪ್ಪು ಆಮೇಲೆ. ಮೊದಲೇ ಹಾಕಿದ್ರೆ ಬೇಯಲ್ಲ” ಎಂದ ಕ್ಷೌರದಂಗಡಿಯವನು.

“ಅರ್ಧ ಕಾಳನ್ನ ಸೌಟಿಂದ ಮಸೆಯಬೇಕು” ಎಂದಿತು ಮೂಲೆಯಿಂದ ಇನ್ನೊಂದು ದನಿ. ಎಲ್ಲರೂ ಒಂದಲ್ಲ ಒಂದು ತಿಂಗಳು ನನ್ನ ಕಾಳಿನ ಸಾರು ಒಯ್ದವರೇ. ಆ ಮುದುಕ ಹಾಗೆ ನಿಂತಿರುವುದನ್ನು ಯಾರಿಂದಲೂ ನೋಡಲಾಗಲಿಲ್ಲ. ತಾವು ಸಿಕ್ಕಿಬೀಳುತ್ತೇವೆ ಎಂಬುದನ್ನೂ ಮರೆತು ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸುತ್ತ, ಕೊನೆಗೆ ಆರು ಜನ ಒಟ್ಟಿಗೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ, “ಬೆನ್ನು ಮಾಡಿ ನಿಂತು ಎಪ್ಪತ್ತರವರೆಗೆ ಎಣಿಸಬೇಕು” ಎಂದರು.

ಮೇಡಂ ಒಂದೊಂದೇ ಪಾತ್ರೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಯಾರ ಅಡುಗೆ ಇದು?”

“ನಂದು ಮೇಡಂ” ಎಂದೆ. “ಏಳೂ ನಂದೇ. ಎಪ್ಪತ್ತು ಹೇಳಿಕೊಟ್ಟಿದ್ದೂ ನಾನೇ. ಇವರದೇನೂ ತಪ್ಪಿಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತಮ್ಮ ಎಲೆಕೋಸಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡರು.

“ಹಾಗಾದ್ರೆ ಇಷ್ಟು ದಿನ ಮಾಡಿ ತಂದಿದ್ದು ನಾನೊಬ್ಬಳೇ” ಎಂದರು. “ಅದಕ್ಕೇ ನನ್ನ ಪಾತ್ರೆ ತುಂಬಿದ ಹಾಗೇ ಮನೆಗೆ ವಾಪಸ್ ಬರ್ತಿತ್ತು. ಇವರಿಗೆಲ್ಲ ಎಲೆಕೋಸು ಇಷ್ಟ ಇಲ್ಲವೇನೋ ಅಂದುಕೊಂಡಿದ್ದೆ.”

ಮಿಕ್ಕವರ ಪಾತ್ರೆ ಕಾಯಲೆಂದು ನನ್ನನ್ನು ದೂರವಿಟ್ಟಿದ್ದರು, ಕೊನೆಗೆ ಮುಚ್ಚಳ ತೆಗೆಯದೆ ಉಳಿದದ್ದು ಮೇಡಂ ಪಾತ್ರೆಯೇ ಆಗಿತ್ತು. ನನ್ನ ಒಂದು ವರ್ಷದ ಹೊಟ್ಟೆಯುರಿ ಆ ಗಳಿಗೆಯಲ್ಲೇ ತಣ್ಣಗಾಯಿತು. ಮೇಡಂ ಗಂಟೆಯನ್ನು ಚೀಲಕ್ಕೆ ಹಾಕಿ, ಪಾತ್ರೆ ಎತ್ತಿಕೊಂಡು ಎದ್ದರು. ಅವರು ಬಾಗಿಲು ದಾಟಿದರೆ ಕೂಟ ಮುಗಿದಂತೆಯೇ.

ನಾನು ತಟ್ಟೆ ಚಾಚಿದೆ. “ಮೇಡಂ, ನನಗೆ ಎಲೆಕೋಸು ಬಡಿಸಿ.”

“ನಿಮಗ್ಯಾಕೆ ಇದು. ನಿಮ್ಮದೇ ಮೇಜಿನ ತುಂಬ ಇದೆಯಲ್ಲ.”

“ನನ್ನದು ತಿಂದು ತಿಂದು ಸಾಕಾಗಿದೆ ಮೇಡಂ. ಬೇರೆಯವರು ಮಾಡಿದ್ದು ತಿಂದು ಒಂಬತ್ತು ವರ್ಷ ಆಯ್ತು. ಅದಕ್ಕೇ ಅವತ್ತು ಬಂದಿದ್ದು ನಾನು.”

ಅವರು ಚೀಲ ಕೆಳಗಿಟ್ಟರು. ಆಮೇಲೆ ಮುಚ್ಚಳ ತೆಗೆದು, ಬಗ್ಗಿ, ಒಂದು ಸೌಟು ಬಡಿಸಿದರು.

ನಿಜ ಹೇಳುತ್ತೇನೆ. ಅರ್ಧ ಬೆಂದಿತ್ತು, ಅರ್ಧ ಸೀದಿತ್ತು, ಉಪ್ಪನ್ನು ಎರಡು ಸಲ ಹಾಕಿದ್ದರು. ಆದರೂ ತಟ್ಟೆಯಲ್ಲಿ ಒಂದು ಎಳೆಯನ್ನೂ ಬಿಡದೆ ತಿಂದೆ, ಕೂತುಕೊಂಡು ತಿಂದೆ.

“ಹೇಗೆ ಮಾಡಿದ್ದು ಅಂತ ಹೇಳಬೇಕಲ್ಲ ಮೇಡಂ. ನಿಯಮ” ಎಂದೆ.

ಮೇಡಂ ಗಂಟಲು ಸರಿಮಾಡಿಕೊಂಡು ಹೇಳಿದರು, ಹೆಚ್ಚಿದ್ದರಿಂದ ಹಿಡಿದು ಸೀದದ್ದರವರೆಗೆ. ಕೊನೆಗೆ, “ನಾನು ಬೆನ್ನು ಮಾಡಿ ಎಣಿಸಲಿಲ್ಲ ನೋಡಿ. ಅದಕ್ಕೇ ಹೀಗಾಯ್ತೇನೋ” ಎಂದರು. ಮೊದಲು ನಕ್ಕವರು ಪೋಸ್ಟಣ್ಣ. ಆಮೇಲೆ ಏಳು ತಟ್ಟೆಗಳು ಸಾಲಾಗಿ ಎಲೆಕೋಸಿನ ಕಡೆಗೆ ಬಂದವು.

ಅವತ್ತು ಮೇಡಂ ಹೊಸ ನಿಯಮ ಬರೆದರು. ಹೇಗಾದರೂ ಇರಲಿ, ಎಲ್ಲರೂ ತಾವೇ ಮಾಡಿ ತರಬೇಕು. ಡಿಪೋ ಎದುರಿನ ಅಂಗಡಿಯ ಹಿಂದಿನ ಬಾಗಿಲು ಯಾರಿಗೂ ತೆರೆಯಕೂಡದು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನೀವು ಮಾತ್ರ ಬರಿಗೈಲಿ ಬರಬೇಕು. ಒಂದು ಚಮಚ ತಂದ್ರೂ ಒಳಗೆ ಬಿಡಲ್ಲ” ಎಂದರು.

ಮುಂದಿನ ತಿಂಗಳು ಹೋದೆ, ಕೈ ಬೀಸಿಕೊಂಡು. ಟೈಲರಮ್ಮನ ಆಲೂಗಡ್ಡೆ ಮುದ್ದೆಯಾಗಿತ್ತು, ಔಷಧಿ ಅಂಗಡಿಯವರ ಅನ್ನ ಮಾತ್ರೆಯಂತೆ ಗಟ್ಟಿಯಾಗಿತ್ತು. ಪೋಸ್ಟಣ್ಣ ಹೆಂಡತಿಯ ಪಾತ್ರೆ ಹಿಡಿದು ನನ್ನ ಪಕ್ಕವೇ ನಿಂತು ಬಡಿಸಿದರು. ಬಾಯಿಗಿಟ್ಟೆ. ಕಾಳು ಹಲ್ಲಿಗೆ ಸಿಕ್ಕಿ ಕಟುಂ ಎಂದಿತು. ಸದ್ದು ಅವರಿಗೂ ಕೇಳಿಸಿತು.

“ಬೆಂದಿಲ್ವಾ ತಂಗಿ? ಎಪ್ಪತ್ತು ಸರಿಯಾಗಿ ಎಣಿಸಿದ್ದೆ. ಒಂದು ಸಲಾನೂ ತಿರುಗಿ ನೋಡಲಿಲ್ಲ.”

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

“ಚೆನ್ನಾಗಿದೆ ಅಣ್ಣಾ” ಎಂದೆ. “ಇನ್ನೊಂದು ಸೌಟು ಹಾಕಿ.”