ಮಗ್ಗದ ಕಂಬದ ಅಳತೆ

ಭಾನುವಾರ ಸೇಲಂನ ಕೋವಿ ಕ್ಲಬ್ಬಿನಲ್ಲಿ ನಾನು ಹಾರಿಸಿದ ಹತ್ತು ಈಡಿನಲ್ಲಿ ನಾಲ್ಕರ ಸದ್ದು ಸಪ್ಪೆಯಾಗಿತ್ತು. ಗುರಿಗೆಂದು ಎಸೆದ ಮಣ್ಣಿನ ಬಿಲ್ಲೆಗಳು ಒಡೆಯದೆ ಹುಲ್ಲಿಗೆ ಬಿದ್ದವು. ಕಾರ್ಯದರ್ಶಿ ವಿಶ್ವನಾಥನ್ ಹತ್ತಿರ ಬಂದು, "ಕೈ ನಡುಂಗುದಾ ಅಣ್ಣಾ?" ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಕೋವಿಯನ್ನು ಕ್ಲಬ್ಬಿನ ಕಪಾಟಿಗೇ ಒಪ್ಪಿಸಿ ಬಸ್ಸು ಹತ್ತಿದೆ. ನಮ್ಮೂರು ತಾರಮಂಗಲಂ ಬರುವ ತನಕ ಕೈಯನ್ನೇ ನೋಡಿಕೊಂಡು ಕೂತೆ. ನಡುಗಿದ ಹಾಗೂ ಕಂಡಿತು, ಬಸ್ಸಿನ ಕುಲುಕಾಟವೇ ಇರಬಹುದು ಅಂತಲೂ ಅನಿಸಿತು.

ತೋಟಾಗಳಿಗೆ ಮದ್ದು ತುಂಬುವುದು ನಾನೇ. ಅಪ್ಪನಿಂದ ಬಂದ ಕೋವಿ, ಅದರ ಲೈಸೆನ್ಸು, ಮನೆಯಲ್ಲಿ ತುಂಬಿಕೊಳ್ಳಲು ಅನುಮತಿ, ಎಲ್ಲ ಸರಿಯಾಗಿವೆ. ಮದ್ದು ಅಳೆಯಲು ಒಂದು ಗಾಜಿನ ಕೊಳವೆ ಇದೆ. ಕೆಳಗಿನ ಹಿಡಿ ಎಳೆದರೆ ಒಂದು ತೋಟಾಕ್ಕೆ ಬೇಕಾದಷ್ಟೇ ಉದುರುತ್ತದೆ. ಅದು ಅಲುಗದೆ ನಿಲ್ಲಲಿ ಎಂದು ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮರಕ್ಕೆ, ಮಗ್ಗದ ಕಂಬಕ್ಕೆ, ಬಿಗಿದಿದ್ದೆ. ಪ್ರತಿ ಹತ್ತನೆಯದನ್ನು ಜರಿ ತೂಗುವ ತಕ್ಕಡಿಯಲ್ಲಿ ತೂಗಿ ನೋಡುತ್ತಿದ್ದೆ. ಎಂಟು ವರ್ಷ ಒಂದೇ ತೂಕ ಬಂತು. ಆ ಎಂಟು ವರ್ಷವೂ ನನ್ನ ಹೆಂಡತಿ ಮುತ್ಯಾಲಮ್ಮ ಅದೇ ಮಗ್ಗದಲ್ಲಿ ನೇಯುತ್ತ, ತಲೆ ಎತ್ತದೆ, "ಎಷ್ಟಾಯ್ತು?" ಅಂತ ಕೇಳೋಳು. "ಹನ್ನೆರಡು," ಅನ್ನುತ್ತಿದ್ದೆ. ಆಡಿ ತಿಂಗಳಲ್ಲಿ, ಆಷಾಢದಲ್ಲಿ, ಅವಳು ತೀರಿಹೋದಳು. ಅಂದಿನಿಂದ ಮದ್ದು ಕಮ್ಮಿ ಉದುರುತ್ತಿದೆ, ಅದೂ ಒಂದೊಂದು ಸಲ ಒಂದೊಂದು ಥರ.

ಹಿಡಿ ಎಳೆಯುವ ನನ್ನ ಕೈಯೇ ಕೆಟ್ಟಿದೆ ಅಂದುಕೊಂಡೆ. ಕೈ ಕೆಟ್ಟವನ ಹತ್ತಿರ ಕೋವಿ ಇರಬಾರದು. ಠಾಣೆಗೆ ಒಪ್ಪಿಸುವ ಅರ್ಜಿ ಬರೆದು ಸಹಿ ಹಾಕಿದೆ. ಅದೂ ಹೋದರೆ ಭಾನುವಾರ ಮನೆಯಿಂದ ಹೊರಡಲು ನನಗೆ ಬೇರೆ ಕಾರಣವಿಲ್ಲ. ಶುಕ್ರವಾರ ಕೊನೆಯ ಸಲ ಅಳೆದು ನೋಡೋಣ, ಸರಿ ಬಾರದಿದ್ದರೆ ಶನಿವಾರ ಕೊಟ್ಟುಬಿಡೋಣ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ನಾದಿನಿ ಪುಷ್ಪಾ ಬಂದಳು. ಅಕ್ಕ ಅರ್ಧಕ್ಕೆ ಬಿಟ್ಟ ಸೀರೆಯನ್ನು ಮುಗಿಸಿಕೊಡಿ ಎಂದು ನೂಲು ಕೊಟ್ಟವರು ಕೇಳಿದ್ದರಂತೆ.

"ಏನ್ ಬಾವ, ಮಗ್ಗದ ಮೇಲೆ ಇಷ್ಟು ಧೂಳು ಐತೆ! ಅಕ್ಕ ಓದ್ಲು ಅಂತ ಮಗ್ಗಾನೂ ಓಗ್ಬೇಕಾ?"

"ಮುಟ್ಟೋಕೆ ಮನಸ್ಸು ಬರಲಿಲ್ಲಮ್ಮ."

"ಮನಸ್ಸು ಬ್ಯಾಡ, ಬಟ್ಟೆ ತಗೊಂಡು ಒರ್ಸಿ ಸಾಕು."

ಅವಳು ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿ ಲಾಳಿ ಎಸೆದಳು. ಎಳೆಯನ್ನು ಒತ್ತುವ ಹಲಗೆ ಬಡಿಯಿತು. ನಾನು ಕಂಬದ ಹತ್ತಿರ ಕೂತು ಹಿಡಿ ಎಳೆದು ತೂಗಿದೆ. ಸರಿಯಾಗಿತ್ತು. ಇನ್ನೊಂದು, ಮತ್ತೊಂದು, ಐದೂ ಸರಿ. ನನಗೆ ನಂಬಿಕೆ ಬರಲಿಲ್ಲ, ತಕ್ಕಡಿಯನ್ನೇ ಒರೆಸಿ ಮತ್ತೆ ತೂಗಿದೆ. ಅವಳು ಟೀ ಕುಡಿಯಲು ಎದ್ದಾಗ ಅಳೆದದ್ದು ಕಮ್ಮಿ ಬಂತು.

"ಪುಷ್ಪಾ, ಸ್ವಲ್ಪ ನೇಯಮ್ಮ."

"ಟೀ ಆರೋಗ್ತೈತೆ ಬಾವ!"

"ನಾಲ್ಕೇ ಎಳೆ."

ಬೈದುಕೊಂಡೇ ನೇಯ್ದಳು. ಮತ್ತೆ ಸರಿ ಬಂತು. ಗಾಜಿನ ಮೇಲೆ ಬೆರಳಿಟ್ಟೆ. ಹಲಗೆಯ ಒಂದೊಂದು ಬಡಿತಕ್ಕೂ ಕಂಬ ಅದುರಿ, ಒಳಗಿನ ಮದ್ದು ಒತ್ತಾಗಿ ಇಳಿಯುತ್ತಿತ್ತು. ಅಲುಗದಿರಲಿ ಎಂದು ನಾನು ಕಟ್ಟಿದ ಜಾಗದಲ್ಲಿ ಎಂಟು ವರ್ಷ ಮುತ್ಯಾಲಮ್ಮನ ಬಡಿತವೇ ನನ್ನ ಅಳತೆಯನ್ನು ಕಾದಿತ್ತು. ನಾನು ನನ್ನ ಕೈ ಎಂದುಕೊಂಡಿದ್ದೆ.

"ಯಾಕ್ ಬಾವ, ಅಳ್ತಿದ್ದೀರಾ?"

"ಕೈ ಚೆನ್ನಾಗೈತೆ," ಅಂದೆ.

"ಅದಕ್ಯಾರಾದ್ರೂ ಅಳ್ತಾರಾ?"

ಮಾರನೆಯ ದಿನ ಸೀರೆ ಮುಗಿಯಿತು. ಪುಷ್ಪಾ ಅದನ್ನು ಕತ್ತರಿಸಿ ಮಡಿಸಿಕೊಂಡು ಮೂರು ಗಂಟೆಯ ಬಸ್ಸಿಗೆ ಹೋದಳು. ಖಾಲಿ ಮಗ್ಗದಿಂದ ಕೊಳವೆಯನ್ನು ಬಿಚ್ಚಿದೆ. ಬಡಿತವನ್ನು ನಂಬಿ ಇನ್ನು ತುಂಬಲಾಗದು. ಒಂದೊಂದನ್ನೂ ತೂಗಿಯೇ ತುಂಬಬೇಕು. ನಿಧಾನ, ಆದರೆ ನನಗೇನು ಅವಸರ.

ತಕ್ಕಡಿಯಿಂದ ಮದ್ದನ್ನು ತೋಟಾಕ್ಕೆ ಜಾರಿಸಲು ಗಟ್ಟಿ ಕಾಗದ ಬೇಕಿತ್ತು. ಅರ್ಜಿಯನ್ನೇ ಉದ್ದಕ್ಕೆ ಮಡಿಸಿಕೊಂಡೆ. ಬೀದಿಯ ಬೇರೆ ಮಗ್ಗಗಳ ಸದ್ದು ದೂರದಿಂದ ಕೇಳುತ್ತಿತ್ತು. ನಮ್ಮ ಮನೆಯೊಳಗೆ ತಕ್ಕಡಿಯ ಸರಪಳಿ ಕೂಡ ಕೇಳಿಸುವಷ್ಟು ಮೌನ. ತೂಗಿದೆ, ತುಂಬಿದೆ, ಸಾಲಾಗಿ ನಿಲ್ಲಿಸಿದೆ.

"ಹನ್ನೆರಡು," ಅಂದೆ, ಯಾರೂ ಕೇಳದಿದ್ದರೂ.