ಕೆಳರೆಪ್ಪೆಯ ಬಣ್ಣ

ಇಪ್ಪತ್ತು ವರ್ಷ ನಮ್ಮ ಆಡುಗಳಿಗೆ ಹುಳದ ಔಷಧಿ ಕುಡಿಸಿದವಳು ನಾನು. ಮೂರು ತಿಂಗಳಿಗೊಮ್ಮೆ, ಒಂದೇ ದಿನ, ನಲವತ್ತಕ್ಕೂ. ಮೈದುನನ ಹೆಂಡತಿ ಮನೆಗೆ ಬಂದ ಎರಡನೇ ವರ್ಷ ಪಶು ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಒಂದು ಕಾರ್ಡು ತಂದಳು. ಅದರಲ್ಲಿ ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣದ ಪಟ್ಟಿ.

"ಅಕ್ಕಾ, ಇನ್ಮೇಲೆ ಎಲ್ಲಕ್ಕೂ ಕುಡಿಸೋದು ಬೇಡ. ಕಣ್ಣಿನ ಕೆಳರೆಪ್ಪೆ ಎಳೆದು ನೋಡೋಣ. ಹುಳ ರಕ್ತ ಹೀರಿದ್ರೆ ಅಲ್ಲೇ ಗೊತ್ತಾಗುತ್ತೆ. ಬಿಳಿಚಿಕೊಂಡಿದ್ರೆ ಮಾತ್ರ ಔಷಧಿ."

"ಮಿಕ್ಕವಕ್ಕೆ?"

"ಸುಮ್ಮಸುಮ್ನೆ ಕುಡಿಸಿದ್ರೆ ಹುಳಕ್ಕೆ ಅಭ್ಯಾಸ ಆಗ್ಬಿಡುತ್ತಂತೆ. ಆಮೇಲೆ ಔಷಧಿನೇ ನಾಟಲ್ಲ."

"ಅಂದ್ರೆ ಇಷ್ಟು ವರ್ಷ ನಾನು ಹುಳಗಳಿಗೆ ಪಾಠ ಹೇಳ್ಕೊಡ್ತಿದ್ದೆ ಅನ್ನು!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. "ತಿಳಿದವಳು ಹೇಳಿದ ಹಾಗೆ ಮಾಡಮ್ಮ," ಎಂದು ಅತ್ತೆ ಒಳಗಿನಿಂದ ಕೂಗಿದಾಗ ನನ್ನ ನಗು ಅಲ್ಲೇ ಒಣಗಿತು.

ಎರಡು ವಾರಕ್ಕೊಮ್ಮೆ ಅವಳು ರೆಪ್ಪೆ ನೋಡುವಳು, ನಾನು ಕೋಡು ಹಿಡಿಯುವೆ. ಬಿಳಿಚಿದವಕ್ಕೆ ತೂಕ ನೋಡಿ ಔಷಧಿ ಅಳೆದು ಕುಡಿಸಿ ಅವಳು ಸ್ನಾನಕ್ಕೆ ಹೋಗುವಳು. ಆಗ ನಾನು ಬಾಟಲಿ ಇಳಿಸಿ ಮಿಕ್ಕವಕ್ಕೂ ಕುಡಿಸುತ್ತಿದ್ದೆ. ಆಡುಗಳ ಮೇಲಿನ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಡಿಮೆಯಾದದ್ದು ಅವಳಿಗೆ ಗೊತ್ತಾಗಬಾರದೆಂದು ಪ್ರತಿ ಸಲ ಅಷ್ಟೇ ನೀರು ಬೆರೆಸಿಡುತ್ತಿದ್ದೆ. ಹಾಲಿನಂಥ ಔಷಧಿ; ನೋಡಿದರೆ ತಿಳಿಯುತ್ತಿರಲಿಲ್ಲ.

ಮಳೆಗಾಲ ಬಂತು. ಅವಳ ಚುಕ್ಕೆ ಮೇಕೆ ಗಬ್ಬವಾಗಿತ್ತು. ಮರಿಯಾಗಿದ್ದಾಗ ಅದರ ತಾಯಿ ಸತ್ತು, ಸೀಸೆಯಲ್ಲಿ ಹಾಲು ಕುಡಿಸಿ ಅದನ್ನು ಅವಳೇ ಬೆಳೆಸಿದ್ದಳು. ಅದರ ರೆಪ್ಪೆ ಬಿಳಿಚಿತು. ಔಷಧಿ ಕುಡಿಸಿದಳು. ಹತ್ತು ದಿನಕ್ಕೆ ಇನ್ನೂ ಬಿಳಿಚಿತು, ಮತ್ತೆ ಕುಡಿಸಿದಳು. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ ಬಂತು. ಡಾಕ್ಟರು ಬೇರೆ ಔಷಧಿ ಹಿಡಿದು ಬರುವಷ್ಟರಲ್ಲಿ ಹೊಟ್ಟೆಯ ಮರಿಗಳ ಸಮೇತ ಹೋಗಿಬಿಟ್ಟಿತ್ತು.

ಅವಳು ಅದರ ಪಕ್ಕದಲ್ಲೇ ಕುಕ್ಕರಿಸಿದ್ದಳು. "ನಾನೇ ಬಣ್ಣ ತಪ್ಪು ನೋಡಿರ್ಬೇಕು ಅಕ್ಕಾ. ಮೊದಲೇ ಬಿಳಿಚಿತ್ತೋ ಏನೋ, ನಂಗೆ ಕೆಂಪಗೆ ಕಂಡಿರ್ಬೇಕು. ನೀವೇ ಸರಿ. ಇನ್ಮೇಲೆ ನೀವೇ ನೋಡ್ಕೊಳ್ಳಿ."

ಔಷಧಿಗೆ ನೀರು ಬೆರೆಸಿದ್ದು ನಾನು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅತ್ತೆ ಅಲ್ಲೇ ನಿಂತಿದ್ದರು. "ಆಗಿದ್ದು ಆಗಿಹೋಯ್ತು, ಏಳು," ಅಂದೆ. ನಿಜ ಹೇಳಬೇಕೆಂದರೆ, "ನೀವೇ ಸರಿ" ಎಂಬ ಅವಳ ಮಾತು ಆ ಹೊತ್ತಿನಲ್ಲೂ ಹಿತವಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಕೊಟ್ಟಿಗೆಯ ಕಡೆ ಬರುವುದನ್ನೇ ಬಿಟ್ಟಳು. ಯಾರಾದರೂ ಆಡಿನ ವಿಷಯ ಕೇಳಿದರೆ, "ನಂಗೇನು ಗೊತ್ತು, ಅಕ್ಕನ್ನ ಕೇಳಿ," ಅನ್ನುತ್ತಿದ್ದಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಾಗ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಅವತ್ತೇ ಹೇಳಿದ್ರೆ ಜಗಳ ಆಡಿ, ಅತ್ತು, ಮರುದಿನ ನಿಮ್ ಜೊತೆ ಕೊಟ್ಟಿಗೆಗೆ ಬಂದಿರ್ತಿದ್ದೆ," ಅಂದಳು ಕೊನೆಗೆ. "ಒಂದು ವರ್ಷ ನನ್ನ ಕಣ್ಣನ್ನೇ ನಾನು ನಂಬಿಲ್ಲ ಅಕ್ಕಾ."

ಬಟ್ಟೆಯ ಕಟ್ಟು ಎತ್ತಿಕೊಂಡು ಒಳಗೆ ಹೋದಳು. ಸಂಜೆ ರೆಪ್ಪೆ ನೋಡಲು ಕೊಟ್ಟಿಗೆಗೆ ನಾನೊಬ್ಬಳೇ ಹೋದೆ.